ಅತ್ತೆಯ ಪರವಾಗಿಲ್ಲ

ಮಾರ್ಚ್ 3, ಭಾನುವಾರ

ಮತ್ತೆ ಎರಡೂ ಮನೆ ನೋಡಿ ಬಂದೆವು. ಈ ಸಲ ಎಲ್ಲರೂ — ಇವರು, ಅತ್ತೆ, ಮಗಳು, ನಾನು. ಕಾರು ನನ್ನದೇ, ನೆತ್ತಿಯ ಮೇಲೆ ಡ್ರೈವಿಂಗ್ ಸ್ಕೂಲಿನ ಬೋರ್ಡು ಸಹಿತ. ಸ್ಕ್ರೂ ತುಕ್ಕು ಹಿಡಿದಿದೆ, ರಜೆಯ ದಿನವೂ ಕಳಚಲು ಬರುವುದಿಲ್ಲ. ಇವರು ಓಡಿಸಿದರು. ನಾನು ಪಕ್ಕದಲ್ಲಿ, ಕಲಿಸುವವಳ ಸೀಟಿನಲ್ಲಿ. ಕಾಲ ಕೆಳಗೆ ನನ್ನ ಎರಡನೇ ಬ್ರೇಕ್. ಅದನ್ನು ಮುಟ್ಟಬಾರದು ಅಂತ ಇವರ ಅಪ್ಪಣೆ. "ನಿನ್ನ ಕಾರಲ್ಲಿ ಕೂತ್ರೆ ದಿನಾ ಪರೀಕ್ಷೆಗೆ ಕೂತ ಹಾಗಿರುತ್ತೆ" ಅನ್ನುತ್ತಾರೆ.

ಎರಡು ಬಡಾವಣೆ, ಎರಡೂ ಊರಂಚಿಗೆ. ಒಂದು ಗುಡ್ಡ ಸವರಿ ಮಾಡಿದ ಹೊಸದು. ಮನೆಯಲ್ಲಿ ನಾವು ಅದಕ್ಕೆ ಇಟ್ಟ ಹೆಸರು ‘ದಿಬ್ಬ’. ಇನ್ನೊಂದು ರೈಲು ಹಳಿಗೆ ಅಂಟಿಕೊಂಡ ಹಳೆಯದು — ‘ಹಳಿ’. ಬಾಡಿಗೆ ಮನೆಯ ಯಜಮಾನರಿಗೆ ಈ ಮನೆ ವಾಪಸ್ ಬೇಕಂತೆ, ಮೇ ಮುಗಿಯುವುದರೊಳಗೆ ಬಿಡಬೇಕು. ಮನೆ ಕಟ್ಟಿ ನೋಡು ಅಂದವರು ಮನೆ ಕೊಂಡು ನೋಡಿರಲಿಲ್ಲ.

ದಿಬ್ಬ — ಅಗಲ ರಸ್ತೆ. ತಿರುವಿನಲ್ಲಿ ಕಣ್ಣಿಗೆ ಅಡ್ಡ ಬರುವ ಒಂದು ಪೊದೆಯೂ ಇಲ್ಲ. ಸದ್ದಿಲ್ಲ. ಅಡುಗೆಮನೆಯ ಕಿಟಕಿಯಿಂದ ಇಡೀ ಕಣಿವೆ ಕಾಣುತ್ತದೆ. ಅಲ್ಲಿ ನಿಂತವಳು ಬ್ರೋಕರ್ ಕರೆಯುವ ತನಕ ಅಲ್ಲಾಡಲಿಲ್ಲ. ದಿನವಿಡೀ ಬೇರೆಯವರ ಕ್ಲಚ್ಚು, ಬೇರೆಯವರ ಹೆದರಿಕೆ... ಸಂಜೆ ಅಂಥ ಕಿಟಕಿಯ ಮುಂದೆ ಪಾತ್ರೆ ತೊಳೆಯಲು ನಿಂತರೆ ತೊಳೆದದ್ದನ್ನೇ ಮತ್ತೆ ತೊಳೆಯಬಹುದು.

ಹಳಿ — ಬೀದಿಯಲ್ಲಿ ಒಂದು ಕಾರು ಹೋದರೆ ಇನ್ನೊಂದು ಹಿಂದಕ್ಕೆ ಸರಿಯಬೇಕು. ಬೇಕರಿ, ಟೈಲರ್, ಇಸ್ತ್ರಿ ಅಂಗಡಿ, ಕೊನೆಗೆ ರೈಲ್ವೆ ಗೇಟು. ಗೇಟು ಬೀಳುವ ಮುಂಚೆ ಗಂಟೆ, ಬಿದ್ದ ಮೇಲೆ ಹಾರ್ನು, ಆಮೇಲೆ ರೈಲು. ಇವರಿಗೆ ಇದೇ ಬೇಕು. ಕೆಲಸ ಮಾಡುವ ಪ್ರೆಸ್ಸಿಗೆ ನಡೆದೇ ಹೋಗಬಹುದು ಅಂತ. ದಿನವಿಡೀ ಪ್ರಿಂಟಿಂಗ್ ಮೆಷಿನ್ ಪಕ್ಕ ನಿಂತು ಇವರ ಕಿವಿ ಅರ್ಧ ಹೋಗಿದೆ, ರೈಲು ಬಂದರೇನು ಹೋದರೇನು.

ಹಳಿಯಲ್ಲಿ ಅತ್ತೆಯ ಗೊಣಗಾಟ ಶುರುವಾದದ್ದು ನಿಲ್ಲಲಿಲ್ಲ. ಮೆಟ್ಟಿಲು ಎತ್ತರ. ಬೇಕರಿಯವನು ಬ್ರೆಡ್ಡಿನ ತಳ ಸುಡುತ್ತಾನೆ. ಟೈಲರ್ ಮೆಷಿನ್ನಿಗೆ ಎಣ್ಣೆ ಬಿಟ್ಟು ಯಾವ ಕಾಲವಾಯಿತೋ. ದಿಬ್ಬದಲ್ಲಿ ಮಾತ್ರ ಸುಮ್ಮನಿದ್ದರು. ಹಾಲ್ ನಡುವೆ ನಿಂತು ಒಂದೇ ಮಾತು. "ಪರವಾಗಿಲ್ಲ."

ನೋಡಿ, ಅತ್ತೆಗೂ ಒಪ್ಪಿಗೆ ಅನ್ನುವ ಹಾಗೆ ಇವರ ಮುಖ ನೋಡಿದೆ.

ಮಾರ್ಚ್ 5, ಮಂಗಳವಾರ

ಎತ್ತು ಏರಿಗೆಳೆದರೆ ಕೋಣ ನೀರಿಗೆ. ಊಟದ ಮೇಜಿನಲ್ಲಿ ಮತ್ತದೇ.

"ದಿಬ್ಬದಲ್ಲಿ ಒಂದು ಬ್ರೆಡ್ ಬೇಕಂದ್ರೂ ಕಾರು ತೆಗೀಬೇಕು ಕಣೇ."

"ಕಾರು ಇದೆಯಲ್ಲ."

"ನೀನು ಪಾಠಕ್ಕೆ ಹೋದಾಗ?"

"ನಿಮ್ಮಮ್ಮನ ಬಗ್ಗೆ ಯೋಚನೆ ಮಾಡಿ ಸ್ವಲ್ಪ. ಈ ವಯಸ್ಸಲ್ಲಿ ಅವರಿಗೆ ಶಾಂತಿ ಬೇಡ್ವಾ? ಆ ಗಲಾಟೆಯಲ್ಲಿ ಹೇಗೆ ಇರ್ತಾರೆ?"

ಅಮ್ಮನ ಹೆಸರು ಎತ್ತಿದರೆ ಇವರು ಮೆತ್ತಗಾಗುತ್ತಾರೆ ಅಂತ ಗೊತ್ತು. ಗೊತ್ತಿದ್ದೇ ಎತ್ತಿದೆ. ಅತ್ತೆ ತಲೆ ಎತ್ತದೆ ಉಣ್ಣುತ್ತಿದ್ದರು. ಮಗಳು ನನ್ನ ಪಾರ್ಟಿ, ದಿಬ್ಬದಲ್ಲಿ ಅವಳಿಗೊಂದು ಸ್ವಂತ ರೂಮು. ರೂಮಿನ ಬಾಗಿಲಿಗೆ ಅಂಟಿಸಲು ಈಗಾಗಲೇ ಬೋರ್ಡು ಬರೆದಿಟ್ಟಿದ್ದಾಳೆ: ತಟ್ಟದೆ ಬರಬಾರದು, ಅಜ್ಜಿಯನ್ನು ಬಿಟ್ಟು.

ಮಾರ್ಚ್ 6, ಬುಧವಾರ

ಪಾಠಗಳನ್ನೇ ತಿರುಗಿಸಿಬಿಟ್ಟಿದ್ದೇನೆ. ಕಲಿಯುವವರು ಎಲ್ಲಿ ಓಡಿಸಿದರೂ ಕಲಿಯುತ್ತಾರೆ. ಬೆಳಗಿನವರಿಗೆ ಹಳಿ, ಮಧ್ಯಾಹ್ನದವರಿಗೆ ದಿಬ್ಬ, ನಾಳೆ ಅದಲುಬದಲು. ಯಾವ ಹೊತ್ತಿಗೆ ಯಾವ ಬೀದಿ ಹೇಗಿರುತ್ತದೆ ನೋಡಬೇಕು.

ಇವತ್ತು ‘ಸಾರಿ ಮೇಡಂ’ ಜೊತೆ ದಿಬ್ಬ. ಬ್ಯಾಂಕಿನಲ್ಲಿ ಕೆಲಸ, ಗೇರ್ ಬದಲಾಯಿಸಿದಾಗಲೆಲ್ಲ ಗೇರಿಗೇ ಸಾರಿ ಹೇಳುತ್ತಾಳೆ. ಎಲ್ಲ ಬೀದಿ ಸುತ್ತಿಸಿದೆ. ಒಂದು ನರಪಿಳ್ಳೆ ಕಾಣಲಿಲ್ಲ. ಎಲ್ಲ ಗೇಟೂ ಒಂದೇ ಬೂದಿ ಬಣ್ಣ. ವಾಪಸ್ ಹೋಗುವ ತಿರುವು ಅವಳಿಗೆ ಸಿಗಲಿಲ್ಲ.

"ಇಲ್ಲಿ ಯಾರನ್ನ ದಾರಿ ಕೇಳೋದು ಮೇಡಂ? ಸಾರಿ."

ಕಲಿಯುವವರಿಗೆ ಇದಕ್ಕಿಂತ ಒಳ್ಳೆ ರಸ್ತೆ ಸಿಗುವುದಿಲ್ಲ ಅಂದೆ.

ಮಾರ್ಚ್ 9, ಶನಿವಾರ

ಇವರು ಸೋತರು. "ಆಯ್ತು, ನಿನ್ನಿಷ್ಟ. ಅಮ್ಮನಿಗೂ ಅದೇ ಸರಿ ಅನ್ಸುತ್ತೆ" ಅಂದರು. ಮುಖದಲ್ಲಿ ಬೇಸರ ಇತ್ತು, ಮಾತಿನಲ್ಲಿ ಇರಲಿಲ್ಲ.

ಬ್ರೋಕರ್‌ಗೆ ಫೋನ್. ಅವನಿಗೆ ನಮ್ಮ ಮನೆಯಲ್ಲಿ ‘ಆಗೋಯ್ತು’ ಅಂತ ಹೆಸರು. "ಆಗೋಯ್ತು ಅಂದ್ಕೊಳ್ಳಿ ಮೇಡಂ" ಅನ್ನದೆ ಅವನ ಯಾವ ಮಾತೂ ಮುಗಿಯುವುದಿಲ್ಲ. ಇಪ್ಪತ್ತಮೂರಕ್ಕೆ ದಿಬ್ಬದ ಮನೆಯಲ್ಲೇ ಕೂತು ಸಹಿ. ಅಲ್ಲಿಯವರೆಗೆ ಬೇರೆ ಯಾರಿಗೂ ತೋರಿಸುವುದಿಲ್ಲವಂತೆ.

ಖುಷಿಯಾಯಿತು. ಸುಳ್ಳು ಯಾಕೆ — ತುಂಬಾ ಖುಷಿಯಾಯಿತು. ಕಿಟಕಿಗೆ ಪರದೆ ಹಾಕಬಾರದು.

ಮಾರ್ಚ್ 12, ಮಂಗಳವಾರ

ಇವತ್ತು ಅಕ್ಷರ ಸೊಟ್ಟ.

ಮಧ್ಯಾಹ್ನ ಮನೆಯಲ್ಲಿ ನಾನೂ ಅತ್ತೆಯೂ ಇಬ್ಬರೇ. ಟೀ ಮಾಡಿದೆ. ಕಪ್ಪನ್ನು ಅವರ ಎಡಗೈ ಪಕ್ಕ ಇಟ್ಟೆ. "ಟೀ ಎಲ್ಲೇ?" ಅಂದರು. ಪಕ್ಕದಲ್ಲೇ ಇದೆ. ಪೂರ್ತಿ ಕತ್ತು ತಿರುಗಿಸಿದರು, ಹೆಗಲೂ ತಿರುಗಿತು, ಆಗ ಕಂಡಿತು.

ಈ ತಿರುಗುವಿಕೆ ನನಗೆ ಗೊತ್ತು. ನನ್ನ ಪಾಠದ ಮೊದಲ ವಾರವೆಲ್ಲ ಇದೇ. ಕಣ್ಣಿನ ಮೂಲೆಯಲ್ಲಿ ನೋಡುವುದನ್ನು ಕಲಿಯಿರಿ, ಕತ್ತು ತಿರುಗಿಸಿದರೆ ಮುಂದಿನದು ತಪ್ಪುತ್ತದೆ ಅಂತ ಬಡಿದುಕೊಳ್ಳುತ್ತೇನೆ. ಮೂಲೆಯಲ್ಲಿ ಕಾಣದವರು ಮಾತ್ರ ಹೀಗೆ ತಿರುಗುತ್ತಾರೆ. ಇತ್ತೀಚೆಗೆ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಿದ್ದರು. ವಯಸ್ಸು ಅಂದುಕೊಂಡಿದ್ದೆ. ಊರಿನವರ ಕಣ್ಣೆಲ್ಲ ಪರೀಕ್ಷೆ ಮಾಡುವವಳಿಗೆ ಮನೆಯೊಳಗಿನ ಎರಡು ಕಣ್ಣು ಕಾಣಲಿಲ್ಲ.

ಹಿಂದೆ ನಿಂತು, ಮೆಲ್ಲಗೆ, ಅವರ ಕಿವಿಯ ಪಕ್ಕದಿಂದ ಬೆರಳು ಮುಂದೆ ತಂದೆ. ಕೆನ್ನೆ ದಾಟಿತು. ಇನ್ನೂ ಮುಂದೆ.

"ಕೈ ಇಳಿಸು" ಅಂದರು ಅತ್ತೆ. "ಬೆರಳು ಕಾಣ್ಲಿಲ್ಲ. ಆದ್ರೆ ನೀನು ಉಸಿರು ಹಿಡ್ಕೊಂಡಿದ್ದು ಕೇಳಿಸ್ತು."

ಆಮೇಲೆ ಎಲ್ಲ ಹೇಳಿದರು. ಮಾಮೂಲಿ ಮಾತಿನ ದನಿಯಲ್ಲಿ. ಕನ್ನಡಕ ಬದಲಾಯಿಸುತ್ತೇನೆ ಅಂತ ಚಳಿಗಾಲದಲ್ಲಿ ಒಬ್ಬರೇ ಹೋಗಿದ್ದರಲ್ಲ, ಆಗಲೇ ಡಾಕ್ಟರ್ ಹೇಳಿದ್ದಾರೆ. ಕಣ್ಣಿನೊಳಗೆ ಒತ್ತಡ. ಕತ್ತಲೆ ಅಂಚಿನಿಂದ ಒಳಕ್ಕೆ ಬರುತ್ತದೆ. ಹೋದದ್ದು ವಾಪಸ್ ಬರುವುದಿಲ್ಲ, ಡ್ರಾಪ್ಸ್ ಹಾಕಿದರೆ ನಿಧಾನವಾಗಬಹುದು, ಅಷ್ಟೆ.

"ಇವರಿಗೆ ಯಾಕೆ ಹೇಳಿಲ್ಲ ಅತ್ತೆ?"

"ಹೇಳಿದ್ರೆ ಅವನು ನನಗೋಸ್ಕರ ಮನೆ ತಗೋತಾನೆ. ಇರೋ ಕಾಲ ನಿಮ್ಮದು. ಮನೆ ಆಗ್ಲಿ, ಸೇರ್ಕೊಳ್ಳಿ, ಆಮೇಲೆ ನಾನೇ ಹೇಳ್ತೀನಿ. ಅಲ್ಲಿವರೆಗೂ ಬಾಯಿ ಬಿಡಲ್ಲ ಅಂತ ಮಾತು ಕೊಡು."

ಕೊಟ್ಟೆ. ಅಳು ಬಂದಿತ್ತು, ಏನು ಕೇಳಿದ್ದರೂ ಕೊಡುತ್ತಿದ್ದೆ.

"ನಿಮಗೆ ಭಯ ಆಗಲ್ವಾ ಅತ್ತೆ?"

"ಪರವಾಗಿಲ್ಲ" ಅಂದು ಟೀ ಕುಡಿದರು. "ಸಕ್ಕರೆ ಸುರಿದಿದೀಯ."

ಮಾರ್ಚ್ 14, ಗುರುವಾರ

ಆ ಡಾಕ್ಟರನ್ನು ಹುಡುಕಿಕೊಂಡು ಹೋದೆ. ಸೊಸೆ ಅಂದೆ, ಅತ್ತೆಯೇ ಕಳಿಸಿದರು ಅಂತ ಸುಳ್ಳು ಹೇಳಿದೆ. ಡಾಕ್ಟರ್ ಚಿಕ್ಕ ವಯಸ್ಸಿನವಳು, ಮಾತು ನೇರ. ವರ್ಷದೊಳಗೆ ಬಹುತೇಕ ಹೋಗಬಹುದು ಅಂದಳು.

"ಮನೆ ಬದಲಾಯಿಸ್ತಿದೀರ? ಹಾಗಾದ್ರೆ ಬೇಗ ಬದಲಾಯ್ಸಿ. ಕಣ್ಣಿದ್ದಾಗ ಓಡಾಡಿದ ದಾರಿ ಕಾಲಿಗೆ ಅಭ್ಯಾಸ ಆಗಿರುತ್ತೆ. ಕಣ್ಣು ಹೋದ್ಮೇಲೆ ಹೊಸ ದಾರಿ ಕಲಿಸೋದು ತುಂಬಾ ಕಷ್ಟ. ಎಷ್ಟೋ ಜನ ಮನೆಯಿಂದ ಹೊರಗೇ ಬರಲ್ಲ."

ಅಂದರೆ ಈಗ ಕೊಳ್ಳುವ ಮನೆಯ ಸುತ್ತಲಿನ ಬೀದಿಗಳೇ ಅವರಿಗೆ ಕೊನೆಯ ಬೀದಿಗಳು. ಅಲ್ಲಿ ಕಲಿತರೆ ಓಡಾಡುತ್ತಾರೆ. ಕಲಿಯಲಿಲ್ಲವೋ, ಕುರ್ಚಿ.

ಒಂದು ಸಮಾಧಾನ. ದಿಬ್ಬದ ರಸ್ತೆ ಅಗಲ, ಗಾಡಿ ಕಡಿಮೆ, ಗಲಾಟೆ ಇಲ್ಲ. ಕಲಿಯುವವರಿಗೆ ಇದಕ್ಕಿಂತ ಒಳ್ಳೆ ರಸ್ತೆ ಎಲ್ಲಿದೆ. ಕಲಿಸುವುದೇ ನನ್ನ ಕಸುಬು. ಅತ್ತೆಗೂ ಕಲಿಸುತ್ತೇನೆ. ಆಗ ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ.

ಮಾರ್ಚ್ 17, ಭಾನುವಾರ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ಯಾರಿಗೆ ಹೇಳಲಿ.

ಹೊಸ ಮನೆಯಿಂದ ಬಡಾವಣೆಯ ಪಾರ್ಕಿಗೆ ದಾರಿ ತೋರಿಸಿ ಬರುತ್ತೇನೆ ಅಂತ ಅತ್ತೆಯನ್ನು ದಿಬ್ಬಕ್ಕೆ ಕರೆದುಕೊಂಡು ಹೋದೆ. ಹೋಗಿ ಬರುವುದು ಒಮ್ಮೆ ಜೊತೆಯಲ್ಲಿ ಆಯಿತು. "ಈಗ ನೀವು ಮುಂದೆ, ನಾನು ಹಿಂದೆ" ಅಂದೆ. ಸಾರಿ ಮೇಡಂಗೆ ಹೇಳುವ ಹಾಗೇ.

ಅತ್ತೆ ಹೊರಟರು. ಹಿಡಿಯಲು ಗೋಡೆ ಇಲ್ಲ, ಎಲ್ಲ ಹುಲ್ಲುಹಾಸು. ಹುಲ್ಲು ಮುಗಿದು ರಸ್ತೆ ಎಲ್ಲಿ ಶುರು ಅನ್ನುವುದಕ್ಕೆ ಒಂದು ಕಲ್ಲಿನ ಅಂಚಿಲ್ಲ. ನಾನು ಮೆಚ್ಚಿದ್ದೇ ಅದನ್ನು. ನೋಡಲು ಚೆಂದ. ನಡೆಯುತ್ತಾ ನಡೆಯುತ್ತಾ ಅವರು ರಸ್ತೆಯ ನಡುವಿಗೆ ಬಂದದ್ದು ಅವರಿಗೆ ತಿಳಿಯಲಿಲ್ಲ. ಮೇಲಿನಿಂದ ಕಾರು ಇಳಿಯುತ್ತಿತ್ತು. ಬ್ಯಾಟರಿ ಕಾರು, ಸದ್ದೇ ಇಲ್ಲ. ಕೂಗಬೇಕು ಅನ್ನುವುದೇ ನನಗೆ ಹೊಳೆಯಲಿಲ್ಲ. ಬಲಗಾಲು ನೆಲವನ್ನು ಒತ್ತಿತು, ಒತ್ತಿಯೇ ಒತ್ತಿತು. ಟಾರು ರಸ್ತೆಯಲ್ಲಿ ಬ್ರೇಕ್ ಎಲ್ಲಿಂದ ಬರಬೇಕು.

ನಿಂತಿತು. ಅತ್ತೆಯ ಸೀರೆಗೆ ಬಂಪರ್ ತಾಗುವಷ್ಟರಲ್ಲಿ ನಿಂತಿತು. ಓಡಿಸುತ್ತಿದ್ದವನು ಇಳಿದು ಮರ್ಯಾದೆಯಿಂದ ಕ್ಷಮೆ ಕೇಳಿದ. ಅತ್ತೆ ಅವನಿಲ್ಲದ ದಿಕ್ಕಿಗೆ ತಲೆಯಾಡಿಸಿದರು. ಆಮೇಲೆ ತಿರುಗಿ ಸರಸರನೆ ನಡೆದು ಒಂದು ಗೇಟಿನ ಚಿಲಕ ತೆಗೆಯಲು ನೋಡಿದರು. ನಮ್ಮ ಗೇಟಲ್ಲ. ಒಳಗಿಂದ ಯಾರೋ "ಯಾರು ಬೇಕು?" ಅಂದರು.

ಕಾರಿನಲ್ಲಿ ಕೂರಿಸಿದೆ. ಅವರ ಕೈ ತಣ್ಣಗಿತ್ತು.

"ಪರವಾಗಿಲ್ಲ ಬಿಡು" ಅಂದರು. "ಮನೇಲಿರೋಕೇನು ಕಷ್ಟ? ಕೂರೋಕೆ ಜಾಗ ಇದೆ, ಮೇಲೆ ಫ್ಯಾನ್ ಇದೆ."

ಮಾರ್ಚ್ 19, ಮಂಗಳವಾರ

ಸಾರಿ ಮೇಡಂಗೆ ಜ್ವರ, ಪಾಠ ಇಲ್ಲ. ಅತ್ತೆಯನ್ನು ಹಳಿಗೆ ಕರೆದುಕೊಂಡು ಹೋದೆ. ಇವರಿಗೆ ಹೇಳಲಿಲ್ಲ. ಮನೆ ಇನ್ನೂ ಖಾಲಿ ಇದೆ. ಆ ಮನೆಯ ಮುಂದೆ ಇಳಿಸಿ, ಬೇಕರಿವರೆಗೂ ಒಂದು ಸಲ ಜೊತೆಯಲ್ಲಿ ನಡೆದೆ. ವಾಪಸ್ ಬರುವಾಗ ಅವರೇ ಮುಂದೆ.

ಬೈದುಕೊಂಡೇ ಬಂದರು. "ಇವತ್ತೂ ತಳ ಸುಟ್ಟಿದಾನೆ ನೋಡು, ಮೂಗಿಗೆ ಹೊಡೀತಿದೆ." ಬೇಕರಿ ದಾಟಿತು. "ಆ ಕೊನೇ ಮೆಷಿನ್ನಿನ ಬೆಲ್ಟು ಸಡಿಲ. ಹೇಳೋರಿಲ್ವಾ ಇವರಿಗೆ?" ಟೈಲರ್ ದಾಟಿತು. ಇಸ್ತ್ರಿ ಅಂಗಡಿಯ ಬಿಸಿ ಕೆನ್ನೆಗೆ ಬಡಿಯುತ್ತಲೇ ಗೋಡೆಗೆ ಕೈ ಇಟ್ಟು ತಿರುಗಿದರು. ಅಷ್ಟರಲ್ಲಿ ರೈಲ್ವೆ ಗೇಟಿನ ಗಂಟೆ. "ಇದೊಂದು, ಕಿವಿ ತೂತು ಬೀಳೋ ಹಾಗೆ." ನಾನು ಇಸ್ತ್ರಿಯವನ ಗಾಡಿ ಸರಿಯುವ ತನಕ ನಿಂತೆ. ಮುಂದೆ ಬಂದು ನೋಡಿದರೆ ನಮ್ಮ ಕಾರಿಗೆ ಒರಗಿ ನಿಂತಿದ್ದಾರೆ.

"ಇಷ್ಟು ಹೊತ್ತಾ? ಕಾರು ಓಡಿಸಿ ಓಡಿಸಿ ಕಾಲು ಮರೆತಿದೀಯ."

"ಹೇಗಿದೆ ಅತ್ತೆ ಈ ಜಾಗ?"

"ಏನು ಹೇಗಿದೆ? ತಲೆ ಚಿಟ್ಟು ಹಿಡೀತು. ನಡಿ."

ಸದ್ಯ. ಅವರಿಗೂ ಹಳಿ ಇಷ್ಟವಿಲ್ಲ. ಅವರಿಗೇ ಬೇಡವಾದ ಮೇಲೆ ನಾನೇನು ಮಾಡಲಿ? ಬೇಕಂತಲೇ ಇದನ್ನು ಬರೆದಿಡುತ್ತಿದ್ದೇನೆ.

ಮಾರ್ಚ್ 21, ಗುರುವಾರ

ಮನೆ ಯಜಮಾನರ ಹೆಂಡತಿ ಕೆಳಗಿನಿಂದ ಕೇಕ್ ತಂದುಕೊಟ್ಟರು. ಮನೆ ಬಿಡಿಸುತ್ತಿದ್ದೇವಲ್ಲ ಅಂತ ಅವರಿಗೆ ಸಂಕೋಚ. ಅತ್ತೆ ಒಂದು ಚೂರು ಬಾಯಿಗಿಟ್ಟರು.

"ಹೇಗಿದೆ ಅಮ್ಮಾ?"

"ಪರವಾಗಿಲ್ಲ."

ಆಕೆ ಹಿಗ್ಗಿ ಇಳಿದು ಹೋದರು. ಅತ್ತೆ ತಟ್ಟೆಯನ್ನು ಮೇಜಿನ ಆ ತುದಿಗೆ ತಳ್ಳಿದರು. ಮತ್ತೆ ಮುಟ್ಟಲಿಲ್ಲ. ಆಮೇಲೆ ನನ್ನ ಟೀ. "ಪುಡಿ ಸಾಲ್ದು, ಹಾಲು ಸುರಿದಿದೀಯ, ಇಷ್ಟು ವರ್ಷ ಆಯ್ತು ನಿನಗೆ." ಬೈಯುತ್ತಲೇ ಕಪ್ಪು ಖಾಲಿ ಮಾಡಿ, ಇನ್ನಷ್ಟು ಇದೆಯಾ ಅಂದರು.

ಟೀ ಬಗ್ಗಿಸುತ್ತಿದ್ದವಳಿಗೆ ಕೈ ನಿಂತುಬಿಟ್ಟಿತು.

ಮಾವ ಹೋದ ದಿನ ಬಂದವರಿಗೆಲ್ಲ ಅತ್ತೆ ಹೇಳಿದ್ದು ಪರವಾಗಿಲ್ಲ ಅಂತಲೇ. ಕಣ್ಣು ಹೋಗುತ್ತಿದೆ, ಪರವಾಗಿಲ್ಲ. ದಿಬ್ಬದ ಮನೆ, ಪರವಾಗಿಲ್ಲ. ನಾವೆಲ್ಲ ಆ ಮಾತನ್ನು ‘ಚೆನ್ನಾಗಿದೆ’ ಅಂತ ಕೇಳಿಸಿಕೊಂಡೆವು. ಅವರು ಹೇಳುತ್ತಿದ್ದದ್ದು ‘ಹೋಗಲಿ ಬಿಡು’ ಅಂತ. ಕೈಬಿಟ್ಟದ್ದಕ್ಕೆ ಆ ಮಾತು. ತನ್ನದು ಅಂದುಕೊಂಡದ್ದನ್ನು ಅವರು ಬೈಯುತ್ತಾರೆ. ಮಗನನ್ನು ಬೈಯುತ್ತಾರೆ, ಮೊಮ್ಮಗಳ ಜಡೆಯನ್ನು ಬೈಯುತ್ತಾರೆ. ಮದುವೆಯಾಗಿ ಬಂದ ದಿನದಿಂದ ನನ್ನ ಯಾವ ಅಡುಗೆಗೂ ಪರವಾಗಿಲ್ಲ ಅಂದಿಲ್ಲ. ಅದನ್ನೇ ನೆನೆದು ಎಷ್ಟು ಸಲ ಅತ್ತಿದ್ದೇನೆ. ಎಂಥ ದಡ್ಡಿ.

ಹಳಿಯ ಬೀದಿಯನ್ನೋ, ಮೊನ್ನೆ ಈ ತುದಿಯಿಂದ ಆ ತುದಿಯವರೆಗೆ ಬೈದುಕೊಂಡೇ ನಡೆದರು.

ಮಾರ್ಚ್ 22, ಶುಕ್ರವಾರ

ನಾಳೆ ಸಹಿ. ಬಿಸಿ ತುಪ್ಪ ಬಾಯಲ್ಲಿ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಬೆಳಿಗ್ಗೆ ಅತ್ತೆಯನ್ನೇ ಕೇಳಿಕೊಂಡೆ. ನೀವೇ ಹೇಳಿ, ಇಲ್ಲ ನನ್ನನ್ನು ಮಾತಿನಿಂದ ಬಿಡಿಸಿ. "ಕೊಟ್ಟ ಮಾತು ಕೊಟ್ಟದ್ದೇ" ಅಂದರು. "ನಿನ್ನ ಕಿಟಕಿ ನಿನಗೆ ಇರ್ಲಿ. ನೀನು ಅಲ್ಲಿ ನಿಂತಿದ್ದು ನನಗೆ ಕಂಡಿದೆ. ಅಷ್ಟು ಇನ್ನೂ ಕಾಣುತ್ತೆ."

ಇವರು ಪ್ರೆಸ್ಸಿನಿಂದ ಬಂದ ಮೇಲೆ ಸುತ್ತುಬಳಸಿ ನೋಡಿದೆ. ಇನ್ನೊಂದ್ಸಲ ಹಳಿ ನೋಡೋಣ್ವಾ ಅಂದೆ.

"ತಮಾಷೆನಾ? ದಿನಾ ದಿಬ್ಬ ದಿಬ್ಬ ಅಂತ ನನ್ನ ತಲೆ ತಿಂದಿದ್ದು ಯಾರು?"

"ಅತ್ತೆಗೆ ಹಳಿ ಸರಿಹೋಗುತ್ತೇನೋ ಅಂತ..."

"ಅಮ್ಮನಿಗೆ ಶಾಂತಿ ಬೇಕು ಅಂದೋಳೂ ನೀನೇ. ಅಲ್ಲ, ನೀನು ಯಾರ ಪರ ಕಣೇ? ದಿಬ್ಬದ ಪರನಾ, ಹಳಿ ಪರನಾ, ಅಮ್ಮನ ಪರನಾ? ಒಂದು ಹೇಳು."

ಬಾಯಿ ಬಿಟ್ಟರೆ ಬಣ್ಣಗೇಡು. ಅತ್ತೆ ಒಳಗೆ ಮಗಳ ಜಡೆ ಹೆಣೆಯುತ್ತಾ ಬೈಯುತ್ತಿದ್ದರು, ಕೂದಲಿಗೆ ಎಣ್ಣೆ ಮುಟ್ಟಿಸಿಲ್ಲ ಅಂತ. ಕಣ್ಣಲ್ಲಲ್ಲ, ಬೆರಳಲ್ಲೇ ಹೆಣೆಯುತ್ತಾರೆ, ಈಗ ಗೊತ್ತಾಗುತ್ತಿದೆ.

ಸುಮ್ಮನಿದ್ದರೆ ಸಾಕು. ಕಿಟಕಿ ನನ್ನದು, ರೂಮು ಮಗಳದು, ಮಾತು ಉಳಿಸಿಕೊಂಡ ಹೆಸರೂ ನನ್ನದು. ಅತ್ತೆಗೆ ಕುರ್ಚಿ, ಫ್ಯಾನು. ಹೀಗೆ ಯೋಚಿಸಬಲ್ಲೆ ಅಂತ ಗೊತ್ತಾಗಿ ನನ್ನ ಮೇಲೆ ನನಗೇ ಹೇಸಿಗೆ.

ಮಾರ್ಚ್ 23, ಶನಿವಾರ, ಬೆಳಿಗ್ಗೆ

ಎಲ್ಲರೂ ರೆಡಿ. ಇವರು ಇಸ್ತ್ರಿ ಶರ್ಟು ಹಾಕಿದ್ದಾರೆ. ಆಗೋಯ್ತು ಎರಡು ಸಲ ಫೋನ್ ಮಾಡಿದ. ಅತ್ತೆ ಮೆಟ್ಟಿಲು ಇಳಿಯುತ್ತಿದ್ದಾರೆ, ಒಂದೊಂದಾಗಿ, ಗೋಡೆ ಹಿಡಿದು. ಹೋಗಬೇಕು.

ಅದೇ ದಿನ, ಸಂಜೆ

ಇವರು ಓಡಿಸುತ್ತಿದ್ದರು. ಹಿಂದೆ ಅತ್ತೆ, ಮಗಳು. ದಿಬ್ಬಕ್ಕೆ ಏರುವ ರಸ್ತೆ ಶುರುವಾಗುವ ಜಂಕ್ಷನ್ನಿನಲ್ಲಿ ಇವರು ಕನ್ನಡಿಯಲ್ಲಿ ಅಮ್ಮನ ಮುಖ ನೋಡಿದರು.

"ಅಮ್ಮಾ, ಕೊನೇ ಸಲ ಕೇಳ್ತಿದೀನಿ. ಈ ಮನೆ ನಿನಗೆ ಒಪ್ಪಿಗೆ ತಾನೆ?"

"ಪರವಾಗಿಲ್ಲ ಕಣೋ."

ನನ್ನ ಕಾಲು ಇಳಿಯಿತು. ನಾನು ಇಳಿಸಿದೆನೋ, ಅದೇ ಇಳಿಯಿತೋ... ಕಾರು ಜಂಕ್ಷನ್ನಿನ ನಟ್ಟನಡುವೆ ಕಚ್ಚಿಕೊಂಡು ನಿಂತಿತು. ಹಿಂದಿನಿಂದ ಹಾರ್ನಿನ ಮೇಲೆ ಹಾರ್ನು. ಇವರು ಆಕ್ಸಿಲರೇಟರ್ ಒತ್ತುತ್ತಾರೆ, ನಾನು ಬ್ರೇಕ್ ಬಿಡುವುದಿಲ್ಲ.

"ಏನಾಯ್ತೇ ನಿನಗೆ? ತೆಗಿ ಕಾಲು."

"ಅತ್ತೆ ಕಣ್ಣು ಹೋಗ್ತಿದೆ ರೀ."

ಎಲ್ಲ ಹೇಳಿದೆ. ಕತ್ತಲೆ ಅಂಚಿನಿಂದ ಬರುವುದು, ಡಾಕ್ಟರ್, ಬ್ಯಾಟರಿ ಕಾರು, ಬೇರೆಯವರ ಗೇಟು. ಹಾರ್ನುಗಳ ನಡುವೆ ಕೂಗಿಯೇ ಹೇಳಬೇಕಾಯಿತು, ಇವರ ಕಿವಿಗೆ ಬೇರೆ. ಇವರು ಸ್ಟೀರಿಂಗ್ ಹಿಡಿದ ಕೈ ಹಾಗೇ ಇತ್ತು. ಮಗಳು ಅಜ್ಜಿಯ ಮುಂದೆ ಕೈ ಆಡಿಸಿ ನೋಡಿದಳು. ಅತ್ತೆ ಆ ಕೈ ಹಿಡಿದು ಮಡಿಲಲ್ಲಿ ಇಟ್ಟುಕೊಂಡರು.

"ಹೇಳಲ್ಲ ಅಂದಿದ್ದೆ ನೀನು" ಅಂದರು ನನಗೆ. ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು.

ಇವರು ಕಾರು ತಿರುಗಿಸಿದರು.

ಮಾರ್ಚ್ 26, ಮಂಗಳವಾರ

ಇವರು ಅಮ್ಮನ ಪಕ್ಕ ಕೂತೇ ಇರುತ್ತಾರೆ. ಹೊರಗೆ ಬಂದು ನನ್ನ ಹತ್ತಿರ ಹೇಳಿದ್ದು ಒಂದೇ ಮಾತು. "ಆ ಕಿಟಕಿ ನಿನಗೆ ಅಷ್ಟು ಇಷ್ಟ ಆಗಿತ್ತಲ್ಲ." ನಾನು ಅತ್ತುಬಿಟ್ಟೆ, ಕಿಟಕಿಗಲ್ಲ.

ದಿಬ್ಬ ಬೇರೆಯವರಿಗೆ ಹೋಯಿತು. ಹಳಿಯ ಮನೆ ಕೇಳಲು ಬ್ರೋಕರಿಗೆ ಫೋನ್ ಮಾಡಿದರೆ, "ಅದು ಮೊನ್ನೆನೇ ಆಗೋಯ್ತು ಮೇಡಂ" ಅಂದ. ಮೊದಲ ಸಲ ಅವನ ಮಾತು ನಿಜವಾಗಿತ್ತು. ಈಗ ಎರಡೂ ಇಲ್ಲ.

ಅತ್ತೆಯ ಕಾಲು ಹಿಡಿದು ಕ್ಷಮೆ ಕೇಳಿದೆ. ಮಾತು ಉಳಿಸಿಕೊಳ್ಳಲಿಲ್ಲ, ತಪ್ಪಾಯಿತು ಅಂದೆ. ನನ್ನ ತಲೆ ಸವರಿದರು.

"ಪರವಾಗಿಲ್ಲ ಬಿಡಮ್ಮ."

ಯಾವತ್ತೂ ನನಗೆ ಅಮ್ಮ ಅಂದವರಲ್ಲ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ಏಪ್ರಿಲ್ 20, ಶನಿವಾರ

ಹಳಿಯಲ್ಲೇ ಇನ್ನೊಂದು ಸಿಕ್ಕಿತು. ಟೈಲರ್ ಅಂಗಡಿಯ ಹಿಂದೆ, ಚಿಕ್ಕದು. ಒಂದು ಗೋಡೆಗೆ ತೇವ. ಮಗಳಿಗೆ ಸ್ವಂತ ರೂಮಿಲ್ಲ, ಅಜ್ಜಿಯ ಜೊತೆಗೇ. ಬೋರ್ಡಿನಲ್ಲಿ ‘ಅಜ್ಜಿಯನ್ನು ಬಿಟ್ಟು’ ಅನ್ನುವುದನ್ನು ಹೊಡೆದು ಹಾಕಿದಳು. ಅಡುಗೆಮನೆ ಕಿಟಕಿ ತೆಗೆದರೆ ಇಸ್ತ್ರಿ ಅಂಗಡಿಯ ಗೋಡೆ. ದುಃಖ ಆಯಿತು, ಇಲ್ಲ ಅನ್ನುವುದಿಲ್ಲ.

ಅತ್ತೆ ಟೀ ಕುಡಿದು "ಚೆನ್ನಾಗಿದೆ" ಅನ್ನುತ್ತಾರೆ ಈಗ. ಸಕ್ಕರೆ ಬೇಕಂತಲೇ ಹೆಚ್ಚು ಹಾಕಿದೆ. ಆಗಲೂ ಚೆನ್ನಾಗಿದೆ.

ಮೇ 26, ಭಾನುವಾರ

ಬಂದು ಸೇರಿದೆವು. ಪೆಟ್ಟಿಗೆಗಳು ಇನ್ನೂ ಕಟ್ಟಿದ ಹಾಗೇ ಇವೆ. ಬೆಳಿಗ್ಗೆ ಸಂಜೆ ಅತ್ತೆಗೆ ದಾರಿ ಪಾಠ. ಹೇಳಿದ ಹಾಗೆ ಕೇಳುತ್ತಾರೆ, ಮರ್ಯಾದೆಯಾಗಿ, ಹೊರಗಿನವರ ಹಾಗೆ. ಕೈ ಕೊಟ್ಟರೆ "ಥ್ಯಾಂಕ್ಸ್" ಅನ್ನುತ್ತಾರೆ. ಆ ಪದ ಎಲ್ಲಿ ಕಲಿತರೋ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ಸೊಸೆಯ ಕಾಲ ಇಷ್ಟು ತಣ್ಣಗಿರುತ್ತದೆ ಅಂತ ಯಾರೂ ಹೇಳಿರಲಿಲ್ಲ.

ಕತ್ತಲೆ ಇನ್ನೊಂದಿಷ್ಟು ಒಳಕ್ಕೆ ಬಂದಿದೆ. ಅವರು ಹೇಳಲಿಲ್ಲ. ತಟ್ಟೆಯ ಅಂಚು ಬೆರಳಲ್ಲಿ ಹುಡುಕುವುದನ್ನು ಕಂಡೆ.

ಜೂನ್ 15, ಶನಿವಾರ, ಸಂಜೆ

ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಸುಮ್ಮನೆ ಕೂತರೆ ಓಡಿಹೋಗುತ್ತೇನೆ ಅಂತ ಪೆನ್ನು ಹಿಡಿದಿದ್ದೇನೆ.

ಅತ್ತೆ ಒಬ್ಬರೇ ಬೇಕರಿಗೆ ಹೋದರು. ಮೊದಲ ಸಲ. ಚಪ್ಪಲಿ ಮೆಟ್ಟಿ, ಚೀಲ ಹಿಡಿದು, "ನೀನು ಬರಬೇಡ" ಅಂದರು. ಇವರು ಬಾಗಿಲವರೆಗೂ ಬಂದು ನನ್ನ ಮುಖ ನೋಡಿ ಒಳಗೆ ಹೋದರು. ಅಲ್ಲೂ ಕೂರುತ್ತಿಲ್ಲ, ಹೆಜ್ಜೆ ಕೇಳುತ್ತಿದೆ.

ಗಂಟೆ ಹೊಡೆಯಿತು. ಗೇಟು ಬಿತ್ತು. ಗೇಟಿನ ಕಡೆ ಹೋಗಬಾರದು, ಗಂಟೆ ಬಲಗಿವಿಗೆ ಕೇಳಿದರೆ ಮನೆಯ ದಾರಿ, ಎಡಗಿವಿಗೆ ಕೇಳಿದರೆ ತಿರುಗಿ. ಎಷ್ಟು ಸಲ ಹೇಳಿದ್ದೇನೆ. ಹೇಳಿದ್ದು ತಲೆಗೆ ಹೋಗಿದೆಯೋ, ಸುಮ್ಮನೆ ಮರ್ಯಾದೆಗೆ ಹೂಂ ಅಂದರೋ. ರೈಲು ಬರುತ್ತಿದೆ. ಬಲಗಾಲು ಮೆಟ್ಟಿಲನ್ನು ಒತ್ತುತ್ತಿದೆ, ಬೆರಳು ನೋಯುತ್ತಿದೆ.

ರೈಲು ಹೋಯಿತು. ಬೀದಿಯಲ್ಲಿ ಏನೂ ಕೇಳಿಸದು. ಟೈಲರ್ ಮೆಷಿನ್ನೂ ನಿಂತಿದೆ, ಅಂಗಡಿ ಮುಚ್ಚಿದನೇ? ಅವನು ಮುಚ್ಚಿದರೆ ತಿರುವು ಹೇಗೆ ತಿಳಿಯಬೇಕು? ಇದನ್ನು ನಾನು ಯೋಚಿಸಲೇ ಇಲ್ಲ. ಬರಬೇ

ದನಿ.

ಅತ್ತೆಯ ದನಿ, ಟೈಲರನ ಹತ್ತಿರ. "ಇವತ್ತೇನಪ್ಪಾ, ಬೆಲ್ಟು ಕಿತ್ತೇ ಹೋಯ್ತಾ? ಬಡ್ಕೊಂಡೆ ಅವತ್ತೇ." ಅವನು ನಗುತ್ತಿದ್ದಾನೆ. ಇಸ್ತ್ರಿಯವನಿಗೂ ಏನೋ ಬೈಗುಳ ಬಿತ್ತು. ತಿರುವು ದಾಟಿದರು. ಈಗ ನಮ್ಮ ಗೋಡೆ. ಬ್ರೆಡ್ಡಿನ ವಾಸನೆ, ತಳ ಸುಟ್ಟದ್ದು.

ಧಡ್. ಚೀಲ ಕಾರಿಗೆ ತಾಗಿತು.

"ಯಾರೇ ಈ ಕಾರನ್ನ ಹೀಗೆ ಗೋಡೆಗೆ ಅಡ್ಡ ನಿಲ್ಸಿರೋದು? ಊರಿಗೆಲ್ಲ ಪಾಠ ಹೇಳ್ತಾಳೆ, ತನ್ನ ಕಾರು ನೆಟ್ಟಗೆ ನಿಲ್ಸೋಕೆ ಬರಲ್ಲ. ಇಷ್ಟು ವರ್ಷ ಆಯ್ತು, ಒಂದು ಕೆಲಸ ಸರಿಯಾಗಿ... ಏನೇ, ಅಲ್ಲೇ ಕೂತಿದೀಯ ಅಂತ ಗೊತ್ತು ನಂಗೆ, ಎದ್ದು ಬಾ."

ಬೈಯುತ್ತಿದ್ದಾರೆ. ನನ್ನನ್ನೇ. ಹೋಗಿ ಕಾರು ತೆಗೆಯಬೇಕು. ಮೊದಲು ಮೂಗು ಒರೆಸಿಕೊಳ್ಳಬೇಕು, ಅತ್ತದ್ದು ಅವರ ಕಿವಿಗೆ ಗೊತ್ತಾದರೆ ಅದಕ್ಕೂ ಇನ್ನೊಂದು —